ಹಿಮ್ಮಡಿಗಷ್ಟೇ ಅಲ್ಲ, ತಾರಸಿಗೂ ಬೇಕು ಚಳಿಗಾಲದ ಆರೈಕೆ

ಸಂಪಾದಕರಿಗೆ,

ಮಾನ್ಯರೆ,

ಚಳಿಗಾಲ ಬಂತೆಂದರೆ ಪುರವಣಿಗಳಲ್ಲಿ ಒಡೆದ ತುಟಿಗೆ ಬೆಣ್ಣೆ, ಬಿರಿದ ಹಿಮ್ಮಡಿಗೆ ಎಣ್ಣೆ, ತಲೆಹೊಟ್ಟಿಗೆ ಮೆಂತ್ಯ ಎಂಬ ಸಲಹೆಗಳು ತಪ್ಪದೆ ಬರುತ್ತವೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಮನೆಗೂ ಹಿಮ್ಮಡಿ ಇದೆ, ಅದೂ ಬಿರಿಯುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಮನೆಯ ಬಗ್ಗೆ ಬರೆದರೂ ಅದು ಎಲ್ಲಿಂದಲೋ ಎತ್ತಿ ತಂದದ್ದು: ಪೈಪಿನಲ್ಲಿ ನೀರು ಮಂಜುಗಡ್ಡೆಯಾಗದಂತೆ ನೋಡಿಕೊಳ್ಳಿ, ಬೆಂಕಿಗೂಡಿನ ಚಿಮಣಿ ಗುಡಿಸಿ, ಕಿಟಕಿಯ ಸಂದು ಮುಚ್ಚಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ನಮ್ಮಲ್ಲಿ ಹೆಪ್ಪುಗಟ್ಟುವುದು ಕೊಬ್ಬರಿ ಎಣ್ಣೆ ಮಾತ್ರ. ಇನ್ನು ಸಂದು ಮುಚ್ಚುವ ಸಲಹೆಯಂತೂ ನಮ್ಮ ಬಚ್ಚಲುಮನೆಗಳಲ್ಲಿ ಜೀವಕ್ಕೇ ಎರವಾಗುವಂಥದ್ದು. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ದಕ್ಷಿಣ ಒಳನಾಡಿನಲ್ಲಿ ಹಿಂಗಾರು ಮಳೆ ಅಕ್ಟೋಬರ್, ನವೆಂಬರಿನಲ್ಲಿ ಸುರಿದು ಹೋಗುತ್ತದೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಮಳೆ ಬಲು ವಿರಳ, ಗಾಳಿ ಒಣ, ಬಿಸಿಲು ಹಿತ. ಮನೆ ವರ್ಷವಿಡೀ ಕುಡಿದ ನೀರನ್ನು ಬಿಟ್ಟುಕೊಡುವ ಕಾಲವೇ ಇದು. ಆದರೆ ತಾರಸಿ ಕೆಲಸಕ್ಕೆ ಜನ ಮೇಸ್ತ್ರಿಯನ್ನು ಕರೆಸುವುದು ಮೇ ತಿಂಗಳಲ್ಲಿ, ಮಳೆ ತಲೆಮೇಲೆ ಬಂದಾಗ. ಮೇ ತಿಂಗಳ ತಾರಸಿ ಕಾದ ಹಂಚಿನಂತಿರುತ್ತದೆ. ಸೋರದಂತೆ ಬಳಿದ ಲೇಪದ ನೀರನ್ನು ಅದು ಅರ್ಧ ಗಂಟೆಯಲ್ಲಿ ಹೀರಿಬಿಡುತ್ತದೆ, ಲೇಪ ಗಟ್ಟಿ ಕೂರುವ ಮೊದಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಸಂಜೆಗೆ ಗುಡುಗು ಮಳೆ ಬಂತೋ, ಬಳಿದದ್ದೆಲ್ಲ ಪೈಪಿನಲ್ಲಿ ಇಳಿದುಹೋಗುತ್ತದೆ. ಬೆಂಗಳೂರು, ಮೈಸೂರು, ತುಮಕೂರಿನ ಮನೆಗಳಿಗೆ ಜನವರಿಗಿಂತ ಒಳ್ಳೆಯ ತಿಂಗಳು ಸಿಗುವುದಿಲ್ಲ. ಮಲೆನಾಡಿನ ಹೆಂಚಿನ ಮನೆಗಳ ಲೆಕ್ಕ ಬೇರೆ, ಅಲ್ಲಿ ಹೆಂಚಿನ ಕೆಲಸ ಬೇಸಿಗೆಗೇ ಇರಲಿ.

ಆರ್‌ಸಿಸಿ ತಾರಸಿ ಸೋರಲು ಶುರುವಾಗುವುದು ಹೆಚ್ಚಾಗಿ ಮೂರು ಕಡೆ: ತಾರಸಿಯ ಅಂಚಿನ ಗಿಡ್ಡ ಗೋಡೆ, ಅಂದರೆ ಪ್ಯಾರಪೆಟ್, ತಾರಸಿಗೆ ಕೂಡುವ ಮೂಲೆ, ಮಳೆನೀರು ಇಳಿಯುವ ಪೈಪಿನ ಬಾಯಿ, ಮತ್ತು ನೀರಿನ ಟ್ಯಾಂಕು, ಸೋಲಾರ್, ಡಿಶ್‌ಗಳ ಕಾಲು ಕೂರಿಸಲು ಕೊರೆದ ತೂತು. ಇಟ್ಟಿಗೆ ಗೋಡೆ, ಕಾಂಕ್ರೀಟು ಎರಡೂ ಬಿಸಿಲಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಆದ್ದರಿಂದ ಅವು ಕೂಡುವಲ್ಲಿ ಸಂದು ಬಾಯಿ ಬಿಡುತ್ತದೆ. ಒಳಗೆ ಕೋಣೆಯ ನಡುವೆ ಕಲೆ ಕಂಡಿತೆಂದು ಅದರ ನೇರ ಮೇಲೆಯೇ ತೇಪೆ ಹಾಕಿದರೆ ಕೆಲಸ ದಂಡ. ನೀರು ಮೂಲೆಯಲ್ಲಿ ಇಳಿದು, ಕಬ್ಬಿಣದ ಸರಳಿನ ಗುಂಟ ಹರಿದು, ಹತ್ತಡಿ ಆಚೆ ತೊಟ್ಟಿಕ್ಕುವುದು ಮಾಮೂಲು.

ಮೊದಲು ತಾರಸಿ ಗುಡಿಸಿ, ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಒಂದು ಬಕೆಟ್ ನೀರು ಚೆಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ನೀರು ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ: ಅಲ್ಲಿ ವಾಟ ಇಲ್ಲ ಎಂದರ್ಥ. ನೂರಕ್ಕೆ ಒಂದರ ವಾಟ ಸಾಕು, ಅಂದರೆ ಹತ್ತು ಅಡಿಗೆ ಒಂದೂಕಾಲು ಅಂಗುಲದಷ್ಟು ಇಳಿಜಾರು. ಬಿರುಕು ಕಂಡಲ್ಲಿ ಸಿಮೆಂಟು ಹಾಲು ಸುರಿದು ಹೋಗುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ. ಬಿರುಕನ್ನು ಉಳಿಯಿಂದ ಇಂಗ್ಲಿಷಿನ 'ವಿ' ಆಕಾರಕ್ಕೆ, ಎಂಟರಿಂದ ಹತ್ತು ಮಿಲಿಮೀಟರ್ ಅಗಲ, ಅಷ್ಟೇ ಆಳ ತೆರೆಯಬೇಕು. ಹುಡಿ ಊದಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ, ಬರೀ ನೀರಿನ ಬದಲು ಲೇಟೆಕ್ಸ್ (ಗಾರೆಗೆ ಹಿಡಿತ ಕೊಡುವ ರಬ್ಬರಿನಂಥ ದ್ರವ) ಬೆರೆಸಿದ ನೀರಿನಲ್ಲಿ ಕಲಸಿ ತುಂಬಬೇಕು. ಲೇಟೆಕ್ಸ್ ಎಷ್ಟು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ, ಕಣ್ಣಂದಾಜು ಬೇಡ. ಪ್ಯಾರಪೆಟ್ಟಿನ ಮೂಲೆಗೂ ಇದೇ ಗಾರೆ. ಅಲ್ಲಿ ಮೂಲೆಯನ್ನು ಚೂಪಾಗಿ ಬಿಡದೆ ಎರಡು ಅಂಗುಲ ಎತ್ತರಕ್ಕೆ ಇಳಿಜಾರು ಕಟ್ಟಿ, ಲೇಪವನ್ನು ಗೋಡೆಯ ಮೇಲೂ ಒಂದಡಿ ಏರಿಸಬೇಕು. ಹಲವರು ತಾರಸಿಗೆ ಮಾತ್ರ ಬಳಿದು ಗೋಡೆಯ ಬುಡದಲ್ಲಿ ನಿಲ್ಲಿಸುತ್ತಾರೆ. ಸೋರುವುದು ಆ ಬುಡದಲ್ಲೇ.

ಲೇಪ ಬಳಿಯುವ ಮುನ್ನ ತಾರಸಿ ಒಣಗಿದೆಯೇ ಎಂದು ತಿಳಿಯಲು ಪೈಸೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಕಾಂಕ್ರೀಟು ಇನ್ನೂ ಹಸಿ. ಇನ್ನೊಂದು ವಾರ ಬಿಸಿಲು ಕುಡಿಯಲಿ. ಹೊರಮೈಯಲ್ಲಿ ಮಾತ್ರ ಹನಿಯಿದ್ದರೆ ಅದು ಇಬ್ಬನಿ, ಚಿಂತೆಯಿಲ್ಲ. ಅಕ್ರಿಲಿಕ್ ರಬ್ಬರ್ ಬಣ್ಣದಂಥ ಲೇಪಕ್ಕೆ ಮೇಲ್ಮೈ ಪೂರ್ತಿ ಒಣಗಿರಬೇಕು. ಸಿಮೆಂಟು ಬೆರೆತ ಎರಡು ಡಬ್ಬಿಯ ಲೇಪಕ್ಕಾದರೆ ಮೇಲ್ಮೈ ತುಸು ಒದ್ದೆಯಾಗಿದ್ದು ನೀರು ನಿಂತಿರಬಾರದು. ಇವೆರಡನ್ನೂ ಅದಲುಬದಲು ಮಾಡಿದ್ದರಿಂದಲೇ ಎಷ್ಟೋ ತಾರಸಿಗಳ ಲೇಪ ಹಪ್ಪಳದಂತೆ ಎದ್ದು ಬರುವುದು. ಮೊದಲ ಕೋಟು ಉದ್ದಕ್ಕೆ, ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಚಳಿಗಾಲದಲ್ಲಿ ಒಂದು ಎಚ್ಚರ ಬೇಕು: ಇಬ್ಬನಿ ಆರಿ, ಬೆಳಿಗ್ಗೆ ಒಂಬತ್ತೂವರೆ ಆದ ಮೇಲೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ಕೈ ತೊಳೆಯಿರಿ. ಹಸಿ ಲೇಪದ ಮೇಲೆ ಇಬ್ಬನಿ ಕೂತರೆ ಅದು ಬಿಳಿಚಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಏಳು ದಿನ ಕಳೆದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದು ಅಂಗುಲ ನೀರು ಕಟ್ಟಿ 24 ಗಂಟೆ ನಿಲ್ಲಿಸಿ. ಕೆಳಗೆ ಹನಿ ಕಾಣದಿದ್ದರೆ ಆಗ ಮೇಸ್ತ್ರಿಗೆ ಬಾಕಿ ಹಣ ಕೊಡಿ.

ಗೋಡೆಯ ವಿಷಯದಲ್ಲಿ ಅವಸರವೇ ಶತ್ರು. ಸಂಕ್ರಾಂತಿಗೆ ನೆಂಟರು ಬರುತ್ತಾರೆಂದು ಡಿಸೆಂಬರ್ ಮೊದಲ ವಾರ ಒದ್ದೆ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸುವವರಿದ್ದಾರೆ. ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವನ್ನು ಗುಳ್ಳೆ ಎಬ್ಬಿಸಿ, ಮಾರ್ಚ್ ಹೊತ್ತಿಗೆ ಹೊಟ್ಟಿನಂತೆ ಉದುರಿಸುತ್ತದೆ. ಮೊದಲು ನೀರು ಎಲ್ಲಿಂದ ಎಂಬುದನ್ನು ಗುರುತಿಸಬೇಕು. ನೆಲದಿಂದ ಎರಡು ಮೂರು ಅಡಿಯವರೆಗೆ ಒಂದೇ ಸಮನೆ ತೇವವಿದ್ದರೆ ಅದು ಪಾಯದಿಂದ ಏರಿದ ನೀರು. ಮೇಲಿನಿಂದ ಕೆಳಕ್ಕೆ ಕಲೆ ಇಳಿದಿದ್ದರೆ ತಾರಸಿಯದು. ಮಳೆಗೂ ಬಿಸಿಲಿಗೂ ಬದಲಾಗದ ಒಂದೇ ಮಚ್ಚೆ, ಅದರ ಹಿಂದೆ ಬಚ್ಚಲುಮನೆ ಇದ್ದರೆ ಪೈಪು. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಕಟ್ಟಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಎದ್ದ ಕೂಡಲೇ ನೋಡಿದರೆ ಪೈಪು ಕದಿಯುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಗೋಡೆಯ ಮೇಲೆ ಅರಳಿದ ಬಿಳಿ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಕೆರೆದು, ಬಿದ್ದ ಹುಡಿಯನ್ನು ಗುಡಿಸಿ ಮನೆಯಿಂದಾಚೆ ಹಾಕಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೆರೆಯಿರಿ. ಕಪ್ಪು ಬೂಷ್ಟಿಗೆ ಒಂದು ಲೀಟರ್ ನೀರಿಗೆ 100 ಮಿಲಿ ದ್ರವ ಬ್ಲೀಚು, ಕೈಗವಸು, ತೆರೆದ ಕಿಟಕಿ. ಅದೇ ಬಕೆಟ್ಟಿಗೆ ಕಕ್ಕಸು ತೊಳೆಯುವ ಆಸಿಡ್ ತಪ್ಪಿಯೂ ಬೀಳಬಾರದು. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ; ಮದುವೆ ಸೀರೆಗಳಿಗೆ ಬೂಷ್ಟು ಹಿಡಿಯುವುದು ಬೀರುವಿನ ಬೆನ್ನಿಗೆ ಗಾಳಿಯಾಡದೆ.

ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತಿದ್ದ ಬಾಗಿಲಿಗೆ ಆಗಲೇ ಉಜ್ಜುಗೊರಡು ಹಿಡಿಸದೆ ಇದ್ದವರು ಜಾಣರು. ಜನವರಿಗೆ ಮರ ತಾನಾಗಿ ಕುಗ್ಗುತ್ತದೆ. ಆಗಲೂ ತಾಗುತ್ತಿದ್ದರೆ ಮಾತ್ರ ತೆಳುವಾಗಿ ಹೆರೆಸಿ, ಹೆರೆದ ಬರಿಮರಕ್ಕೆ ಅವತ್ತೇ ವಾರ್ನಿಷ್ ಹಚ್ಚಿಸಿ. ಬಾಗಿಲಿನ ಅಡಿ ಅಂಚಿಗೂ ಹಚ್ಚಬೇಕು, ಬಡಗಿಗಳು ಮರೆಯುವುದು ಅದನ್ನೇ.

ರಗ್ಗು, ಕೌದಿ, ಹಾಸಿಗೆಗಳಿಗೆ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಬಿಸಿಲು, ನಡುವೆ ಒಮ್ಮೆ ಮಗುಚಿ ಹಾಕುವುದು, ನಾಲ್ಕಕ್ಕೆ ಒಳಗೆ. ಇಬ್ಬನಿ ಬೀಳುವವರೆಗೆ ಬಿಟ್ಟರೆ ಇಡೀ ದಿನದ ಬಿಸಿಲು ವ್ಯರ್ಥ. ಕುರಿಯ ಉಣ್ಣೆಯ ಕಂಬಳಿಯನ್ನು ವಾಷಿಂಗ್ ಮಷಿನ್ನಿಗೆ ಹಾಕುವವರಿಗೆ ಒಂದು ಮಾತು. ನೇಕಾರರು ಅದರ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ಬಿಸಿನೀರು, ತಿರುಗಣಿ ಎರಡೂ ಸೇರಿದರೆ ಗಂಜಿ ಕರಗಿ, ಉಣ್ಣೆ ಗಂಟುಕಟ್ಟಿ, ಆರಡಿ ಕಂಬಳಿ ನಾಲ್ಕಡಿಯಾದೀತು. ಬಡಿದು ಧೂಳು ತೆಗೆದು ಬಿಸಿಲಿಗೆ ಹಾಕಿದರೆ ಸಾಕು. ಕೊಳೆ ಇದ್ದಲ್ಲಿ ಮಾತ್ರ ಅಂಟುವಾಳದ ನೊರೆಯನ್ನು ತಣ್ಣೀರಿನಲ್ಲಿ ಹಚ್ಚಿ ಒರೆಸಿ.

ಈಗ ಬಚ್ಚಲುಮನೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲ ಒಳಪುಟದ ಮೂಲೆಯಲ್ಲಿ ಬರುತ್ತದೆ. ಸುದ್ದಿಗಿಂತ ಮುಂಚೆ, ನವೆಂಬರಿನಲ್ಲೇ, ಎಚ್ಚರಿಕೆ ಅಚ್ಚಾಗಬೇಕು ಎಂಬುದು ನಮ್ಮ ಕೋರಿಕೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದೇ ಸುಮಾರು 8 ಘನ ಮೀಟರ್. ಗೀಸರು ಅಡುಗೆ ಒಲೆಯ ನಾಲ್ಕೈದು ಬರ್ನರು ಒಟ್ಟಿಗೆ ಉರಿದಷ್ಟು ಅನಿಲ ತಿನ್ನುತ್ತದೆ. ಚಳಿಯೆಂದು ವೆಂಟಿಲೇಟರಿಗೆ ರಟ್ಟು, ಥರ್ಮಾಕೋಲ್ ತುರುಕಿ, ಬಾಗಿಲ ಕೆಳಗಿನ ಸಂದಿಗೆ ಗೋಣಿ ಹಾಕಿದಾಗ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿಯುತ್ತದೆ, ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. 'ಬಿಸಿನೀರಿಗೆ ಹೀಗಾಗಿರಬೇಕು' ಎಂದುಕೊಳ್ಳುವಷ್ಟರಲ್ಲಿ ಕಾಲು ಸೋತು ಚಿಲಕ ತೆಗೆಯಲೂ ಆಗುವುದಿಲ್ಲ.

ಗ್ಯಾಸ್ ಗೀಸರು ಬಚ್ಚಲುಮನೆಯ ಒಳಗೆ ಇರಲೇಬಾರದು. ಗಾಳಿಯಾಡುವ ಯುಟಿಲಿಟಿಯಲ್ಲೋ ಹಿತ್ತಿಲ ಗೋಡೆಗೋ ಕೂರಿಸಿ, ಬಿಸಿನೀರನ್ನು ಪೈಪಿನಲ್ಲಿ ಒಳಗೆ ತನ್ನಿ. ಸಿಲಿಂಡರೂ ಹೊರಗೆ. ಇದಕ್ಕೆ ಬೇಕಾಗುವುದು ಬಿಸಿನೀರು ತಾಳುವ ಹತ್ತು ಹದಿನೈದು ಅಡಿ ಸಿಪಿವಿಸಿ ಪೈಪು, ಅರ್ಧ ದಿನದ ಕೆಲಸ. ಬಾಡಿಗೆ ಮನೆ, ಮಾಲೀಕರು ಒಪ್ಪುವುದಿಲ್ಲ ಎನ್ನುವವರು ಕನಿಷ್ಠ ಇಷ್ಟು ಮಾಡಲಿ: ಬಾಗಿಲು, ವೆಂಟಿಲೇಟರು ಎರಡೂ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರು ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಐದು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗುವುದು. ಒಬ್ಬರಾದ ಮೇಲೊಬ್ಬರು ಬೆನ್ನುಬೆನ್ನಿಗೆ ಬೇಡ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬೇಡಿ. ಒಳಗೆ ಬರಲು ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನು ಹೊರಗೆ ತಳ್ಳುವುದಾದರೂ ಏನನ್ನು? ಬರ್ನರಿನ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದ್ದರೆ, ಗೀಸರಿನ ನೆತ್ತಿಗೆ ಮಸಿ ಹಿಡಿದಿದ್ದರೆ ಅವತ್ತೇ ನಿಲ್ಲಿಸಿ ಸರ್ವಿಸ್ ಮಾಡಿಸಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಮುರಿದು, ಅನಿಲ ಬಂದ್ ಮಾಡಿ, ಅವರನ್ನು ಎಳೆದು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಒಳಗೆ ನಿಂತು ನೀರು ಚಿಮುಕಿಸುತ್ತ ಕೂತವರೂ ಅಲ್ಲೇ ಕುಸಿಯುತ್ತಾರೆ.

ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯೂ ಇದೇ ಇಂಗಾಲದ ಮಾನಾಕ್ಸೈಡಿನ ಮನೆ. ಮಗುವಿಗೆ ಶೀತವಾದೀತೆಂದು ಕಿಟಕಿ ಹಾಕಿ, ಮಂಚದ ಕೆಳಗೆ ಕೆಂಡ ಇಟ್ಟು ಮಲಗುವ ರೂಢಿ ಇನ್ನೂ ಹೋಗಿಲ್ಲ. ಹಳೆಯ ಹೆಂಚಿನ ಮನೆಯಲ್ಲಿ ಹೆಂಚಿನ ಸಂದುಗಳೇ ಕಾಪಾಡುತ್ತಿದ್ದವು. ಆರ್‌ಸಿಸಿ ಕೋಣೆಯಲ್ಲಿ, ಸ್ಲೈಡಿಂಗ್ ಕಿಟಕಿ ಹಾಕಿದ ಮೇಲೆ ಆ ಕಾವಲು ಇಲ್ಲ. ಸಾಂಬ್ರಾಣಿ ಹಾಕಿದ ಕೂಡಲೇ ಕೆಂಡ ಹೊರಗೆ ಹೋಗಲಿ.

ವಿದ್ಯುತ್ ಗೀಸರಿನ ಬಗ್ಗೆ ಇರುವ ಗೊಂದಲ ಬಿಲ್ಲಿನದು. ಲೆಕ್ಕ ಸರಳ. 2,000 ವಾಟಿನ ಗೀಸರು 15 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 16 ನಿಮಿಷ ತೆಗೆದುಕೊಳ್ಳುತ್ತದೆ, ಖರ್ಚು ಅರ್ಧ ಯೂನಿಟ್ಟಿಗೆ ತುಸು ಹೆಚ್ಚು. 25 ಲೀಟರಿಗೆ 26 ನಿಮಿಷ. ಇದಕ್ಕೆ ಮುಂಜಾನೆ ಐದಕ್ಕೆ ಹಾಕಿ ಎಂಟರವರೆಗೆ ಉರಿಸಬೇಕಿಲ್ಲ. ಬೋರ್‌ವೆಲ್ ನೀರಿನ ಮನೆಯಲ್ಲಿ ಅದೇ ನೀರಿಗೆ ಅರ್ಧ ಗಂಟೆ ಹಿಡಿಯುತ್ತಿದ್ದರೆ ಕಾಯಿಲಿನ ಮೇಲೆ ಸುಣ್ಣ ಕಟ್ಟಿದೆ ಎಂದರ್ಥ. ಕರೆಂಟು ತೆಗೆದು, ಟ್ಯಾಂಕು ಬರಿದು ಮಾಡಿ, ಸುಣ್ಣ ಬಿಡಿಸುವಾಗ ಒಳಗಿನ ಮೆಗ್ನೀಷಿಯಂ ರಾಡನ್ನೂ ನೋಡಲು ಹೇಳಿ. ಟ್ಯಾಂಕಿನ ಬದಲು ತಾನು ಸವೆಯುವುದು ಅದರ ಕೆಲಸ. ಬೆರಳಿನಷ್ಟು ದಪ್ಪ ಇದ್ದದ್ದು ಕಡ್ಡಿಯಾಗಿದ್ದರೆ ಬದಲಿಸಿ. ಗೀಸರಿಗೆ 16 ಆಂಪಿಯರಿನ ಸಾಕೆಟ್, ಮನೆಯ ಮೇನ್‌ನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇರಲೇಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇಟ್ಟುಕೊಂಡವರು ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಬೆರಳು ಹಾಕಲಿ.

ಸೋಲಾರ್ ನೀರು ಡಿಸೆಂಬರಿನಲ್ಲಿ ಬಿಸಿಯಾಗುತ್ತಿಲ್ಲ ಎಂದು ಕಂಪನಿಗೆ ದೂರು ಕೊಡುವ ಮುನ್ನ ಮಧ್ಯಾಹ್ನ ಹನ್ನೆರಡಕ್ಕೆ ಮೇಲೆ ಹೋಗಿ ನೆರಳು ನೋಡಿ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ, ಬಾನಿನಲ್ಲಿ 54 ಡಿಗ್ರಿಯಷ್ಟೇ ಏರುತ್ತಾನೆ. ಹತ್ತಡಿ ಗೋಡೆಯ ನೆರಳು ಉತ್ತರಕ್ಕೆ ಏಳಡಿ ಚಾಚುತ್ತದೆ. ಮೇ ತಿಂಗಳಲ್ಲಿ ತಂಟೆ ಕೊಡದ ಪಕ್ಕದ ಟ್ಯಾಂಕಿನ ನೆರಳೇ ಈಗ ಗಾಜಿನ ಮೇಲೆ ಮಲಗಿರುತ್ತದೆ. ಗಾಜಿನ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬೆಳಗಿನ ಜಾವ ತೊಳೆಯಿರಿ. ಕಾದ ಗಾಜಿನ ಕೊಳವೆಗೆ ನಡುಮಧ್ಯಾಹ್ನ ತಣ್ಣೀರು ಬಿದ್ದರೆ ಸೀಳುತ್ತದೆ.

ಇಷ್ಟಾದ ಮೇಲೆ ನೆಂಟರನ್ನು ಕರೆಯಬಹುದು. ಚಳಿಗಾಲದಲ್ಲಿ ಮನೆಗೆ ಹತ್ತು ಜನರನ್ನು ಕರೆಯಲು ಕೇಟರಿಂಗು, ಬಿಸಾಡುವ ತಟ್ಟೆ, ಪನ್ನೀರಿನ ಮೂರು ಬಗೆ ಇವೆಲ್ಲ ಏಕೆ ಬೇಕೋ ನಮಗೆ ತಿಳಿಯದು. ಸೊಗಡಿನ ಅವರೆಕಾಯಿ ಸಿಗುವುದೇ ಈ ಎರಡು ಮೂರು ತಿಂಗಳು, ಮತ್ತು ಬಂದವರಿಗೂ ಅದೇ ಬೇಕು. ಮೂರು ಗಂಟೆಗೆ ಬನ್ನಿ ಎಂದು ಕರೆದು, ತಾರಸಿಯ ಎಳೆಬಿಸಿಲಲ್ಲಿ ಜಮಖಾನ ಹಾಸಿ, ನಡುವೆ ಕಾಯಿ ಸುರಿದರೆ ಅರ್ಧ ಆತಿಥ್ಯ ಮುಗಿಯಿತು. ಸುಲಿಯುವ ಕೈಗಳಿಗೆ ಮಾತು ತಾನಾಗಿ ಬರುತ್ತದೆ.

ಹತ್ತು ಜನರ ಉಪ್ಪಿಟ್ಟಿಗೆ ಒಂದೂವರೆ ಕಿಲೋ ಕಾಯಿ ಸಾಕು. ಸುಲಿದಾಗ ಅರ್ಧ ಕಿಲೋ ಆಸುಪಾಸು ಕಾಳು ಬರುತ್ತದೆ. ಕಾಯಿ ಕೊಳ್ಳುವಾಗ ಹಿಡಿಯಷ್ಟು ಮೂಸಿ ನೋಡಿ, ಬೆರಳಿಗೆ ಅಂಟು ಅಂಟಾಗಿ ಎಣ್ಣೆಯಂಥ ಜಿಡ್ಡು ಹತ್ತಬೇಕು. ಸೊಗಡು ಇರುವುದು ಅದರಲ್ಲೇ. ಸುಲಿದ ಕಾಳನ್ನು ಉಪ್ಪುನೀರಿಗೆ ಹಾಕಿದರೆ ಹುಳ ಮೇಲೆ ಬರುತ್ತದೆ. ಕಾಳನ್ನು ಮುಳುಗುವಷ್ಟು ನೀರಿನಲ್ಲಿ ಚಿಟಿಕೆ ಉಪ್ಪು ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲದೆ ಎತ್ತಿಡಿ. ಬನ್ಸಿ ರವೆ ಮುಕ್ಕಾಲು ಕಿಲೋ, ಹಿಂದಿನ ದಿನವೇ ಘಮ ಬರುವವರೆಗೆ ಹುರಿದಿಟ್ಟಿರಬೇಕು. 150 ಮಿಲಿ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಹತ್ತು ಹನ್ನೆರಡು ಹಸಿಮೆಣಸು, ಕರಿಬೇವು, ನಾಲ್ಕು ಈರುಳ್ಳಿ, ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಬಾಡಿಸಿ, ಕಾಳು ಹಾಕಿ. ಕಾಳು ಬೆಂದ ನೀರೂ ಸೇರಿ ಎರಡೂವರೆ ಲೀಟರ್ ನೀರು ಸುರಿದು, ಉಪ್ಪು ಹಾಕಿ ರುಚಿ ನೋಡಿ: ಉಪ್ಪು ತುಸು ಮುಂದಿರಬೇಕು, ರವೆ ಬಿದ್ದ ಮೇಲೆ ಸರಿಹೋಗುತ್ತದೆ. ನೀರು ಕೊತಕೊತ ಕುದಿಯುವಾಗ ಮಾತ್ರ ರವೆಯನ್ನು ಒಂದು ಕೈಯಲ್ಲಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ಕೆದಕಿ. ಕುದಿ ಸಾಲದ ನೀರಿಗೆ ಒಮ್ಮೆಲೇ ಸುರಿದರೆ ಗಂಟು ಖಂಡಿತ. ಉರಿ ಸಣ್ಣ ಮಾಡಿ ಐದು ನಿಮಿಷ ಮುಚ್ಚಿಟ್ಟು, ಇಳಿಸಿದ ಮೇಲೆ ಅರ್ಧ ಹೋಳು ಕಾಯಿತುರಿ, ಎರಡು ನಿಂಬೆಹಣ್ಣಿನ ರಸ, ಎರಡು ಚಮಚ ತುಪ್ಪ. ನಿಂಬೆಯನ್ನು ಒಲೆಯ ಮೇಲಿರುವಾಗ ಹಿಂಡಿದರೆ ಕಹಿ.

ಅವರೆಕಾಳಿನ ಅಕ್ಕಿರೊಟ್ಟಿ ಇನ್ನೂ ರುಚಿಯಲ್ಲವೇ ಎನ್ನುತ್ತೀರಿ. ಹೌದು, ಆದರೆ ಹತ್ತು ಜನರಿಗೆ ರೊಟ್ಟಿ ತಟ್ಟುವ ಗೃಹಿಣಿ ಸಂಜೆಯೆಲ್ಲ ಹಂಚಿನ ಮುಂದೆ ನಿಂತು, ನೆಂಟರ ಮುಖವನ್ನೇ ನೋಡದೆ ಉಳಿಯುತ್ತಾಳೆ. ಇಡ್ಲಿಯೂ ಈ ತಿಂಗಳಲ್ಲಿ ನಂಬಿಕೆಗೆ ಯೋಗ್ಯವಲ್ಲ. ರಾತ್ರಿ 16 ಡಿಗ್ರಿಯಲ್ಲಿ ಬೇಸಿಗೆಯ ಎಂಟು ಗಂಟೆಯ ಹುದುಗು ಹದಿನಾಲ್ಕು ಗಂಟೆ ಕೇಳುತ್ತದೆ. ಮಾಡಲೇಬೇಕೆಂದರೆ ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಮಧ್ಯಾಹ್ನವೇ ಪಾತ್ರೆಗೆ ಅರ್ಧ ಮಟ್ಟ ತುಂಬಿಸಿ, ರಗ್ಗು ಸುತ್ತಿಡಿ. ಮೊಸರಿಗೂ ಹಾಗೆಯೇ: ಬೆರಳು ತಾಳುವಷ್ಟು ಬಿಸಿಯಿರುವ ಅರ್ಧ ಲೀಟರ್ ಹಾಲಿಗೆ ಒಂದರ ಬದಲು ಎರಡು ಚಮಚ ಹೆಪ್ಪು ಹಾಕಿ, ಹಾಟ್‌ಬಾಕ್ಸಿನೊಳಗೆ ಇಡಿ.

ಕುಡಿಯಲು ಕಷಾಯ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು, ಕಾಳುಮೆಣಸು ಒಂದು, ಒಣಶುಂಠಿ ಒಂದು, ಹುರಿದು ಪುಡಿ ಮಾಡಿಟ್ಟರೆ ತಿಂಗಳು ಬರುತ್ತದೆ. ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಪುಡಿ, ನಿಂಬೆ ಗಾತ್ರದ ಎರಡು ತುಂಡು ಬೆಲ್ಲ, ಐದು ನಿಮಿಷ ಕುದಿ. ಹಾಲನ್ನು ಬೇರೆಯಾಗಿ ಕಾಯಿಸಿ, ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಸೇರಿಸಿ. ಬೆಲ್ಲದ ನೀರಿನಲ್ಲಿ ಹಾಲು ಕುದಿಸಿದರೆ ಒಡೆಯುತ್ತದೆ.

ಸುಲಭ ಆತಿಥ್ಯದಲ್ಲಿ ಉತ್ತರ ಕರ್ನಾಟಕದವರನ್ನು ಮೀರಿಸಲು ಯಾರಿಂದಲೂ ಆಗದು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಬಿಚ್ಚುವ ಬುತ್ತಿಯ ಸಜ್ಜೆರೊಟ್ಟಿ, ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು: ಇದರಲ್ಲಿ ಬಂದವರ ಎದುರು ಒಲೆ ಹಚ್ಚಿ ಮಾಡುವಂಥದ್ದು ಯಾವುದಿದೆ? ತೆಳ್ಳಗೆ ಬಡಿದು ಒಣಗಿಸಿದ ರೊಟ್ಟಿ ಈ ಒಣ ಹವೆಯಲ್ಲಿ ವಾರಗಟ್ಟಲೆ ಕಟಕಟ ಎನ್ನುತ್ತದೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಮಾತ್ರ ಬೆವರಿ, ಮೂರನೇ ದಿನಕ್ಕೆ ಬೂಷ್ಟು. ಬೆಂಗಳೂರಿನವರು ಖಾನಾವಳಿಗಳಿಂದ ಐವತ್ತು ರೊಟ್ಟಿ ತಂದಿಟ್ಟುಕೊಂಡರೆ ಎರಡು ಸಲದ ನೆಂಟರಿಗೆ ಆಯಿತು.

ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೂ ತಾರಸಿಯ ಬಿಸಿಲೇ ಬೇಕು. 25 ಮನೆಗೆ ತಲಾ 50 ಗ್ರಾಮಿನಂತೆ ಒಂದೂಕಾಲು ಕಿಲೋ: ಬೆಲ್ಲ 300 ಗ್ರಾಂ, ಕೊಬ್ಬರಿ 300, ಕಡಲೆಬೀಜ 300, ಹುರಿಗಡಲೆ 200, ಬಿಳಿ ಎಳ್ಳು 150. ಇದು ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಕಡಲೆಬೀಜ ಹುರಿದು ಸಿಪ್ಪೆ ಹಾರಿಸಿದ ಮೇಲಿನ ತೂಕ. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ ತೆಳುಬಟ್ಟೆ ಮುಚ್ಚಿ ಎರಡು ದಿನ, ಕೊಬ್ಬರಿ ಚೂರನ್ನು ಬೇರೆ ತಟ್ಟೆಯಲ್ಲಿ ಎರಡು ದಿನ ಬಿಸಿಲಿಗಿಡಿ. ಎಳ್ಳನ್ನು ಸಣ್ಣ ಉರಿಯಲ್ಲಿ, ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ. ಎಲ್ಲವೂ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಬೆರೆಸಬೇಕು. ಬಿಸಿ ಎಳ್ಳು ತಾಗಿದರೆ ಬೆಲ್ಲ ಬೆವರಿ ಇಡೀ ಮಿಶ್ರಣ ಮುದ್ದೆಯಾಗುತ್ತದೆ, ಕೊಬ್ಬರಿ ಹಸಿಯಿದ್ದರೆ ವಾರದೊಳಗೆ ಕಮಟು.

ಕೊನೆಗೆ, ಇತ್ತೀಚೆಗೆ ಹೆಚ್ಚಿರುವ ತಾರಸಿ ಬೆಂಕಿ. ನೆಂಟರ ಸಂಜೆಗೆ ಸೌದೆ ಒಟ್ಟಿ ನೇರ ತಾರಸಿಯ ಮೇಲೆ ಹಚ್ಚಿದರೆ ಜನವರಿಯಲ್ಲಿ ಬಳಿದ ಲೇಪ ಅಷ್ಟಗಲ ಸುಟ್ಟು ಸುಕ್ಕಾಗುತ್ತದೆ. ಕಾಂಕ್ರೀಟಿನಲ್ಲಿ ತೇವ ಉಳಿದಿದ್ದರೆ ಅದು ಹಬೆಯಾಗಿ ಮೇಲ್ಪದರವನ್ನೇ ಚಕ್ಕೆ ಎಬ್ಬಿಸುತ್ತದೆ. ಬೆಂಕಿ ಬೇಕೇ ಬೇಕೆನಿಸಿದರೆ ನಾಲ್ಕು ಇಟ್ಟಿಗೆಗಳನ್ನು ನಿಲ್ಲಿಸಿ, ಮೇಲೆ ಗಾರೆ ಹೊರುವ ಕಬ್ಬಿಣದ ಬಾಂಡ್ಲಿ ಇಟ್ಟು, ತಳಕ್ಕೆ ಮೂರು ಅಂಗುಲ ಒಣ ಮರಳು ಹಾಕಿ, ಅದರಲ್ಲಿ ಹಚ್ಚಿ. ಟ್ಯಾಂಕು, ಸೋಲಾರ್, ಬಟ್ಟೆಯ ಹಗ್ಗದಿಂದ ಹತ್ತಡಿ ದೂರ ಇರಲಿ. ಎಂಟು ಗಂಟೆಗೆ ಇಬ್ಬನಿ ಇಳಿಯುವಾಗ ಮಕ್ಕಳನ್ನೂ ಜಮಖಾನವನ್ನೂ ಒಳಗೆ ಸೇರಿಸಿ. ಕೆಂಡಕ್ಕೆ ನೀರು ಸುರಿದರೆ ಬೂದಿ ಹಾರಿ ಮುಖಕ್ಕೆ ಬರುತ್ತದೆ. ಮೇಲಿಂದ ಮರಳು ಮುಚ್ಚಿ ಬಾಂಡ್ಲಿಯನ್ನು ಬೆಳಗಿನವರೆಗೆ ಅಲ್ಲೇ ಬಿಡಿ. 'ಇನ್ನೂ ಬೆಚ್ಚಗಿದೆ, ಅಜ್ಜಿಯ ಕೋಣೆಯಲ್ಲಿ ಇಡೋಣ' ಎಂದು ಯಾರಾದರೂ ಎತ್ತಿಕೊಂಡು ಹೊರಟರೆ ಮೆಟ್ಟಿಲಲ್ಲೇ ತಡೆಯಿರಿ.

ಇತಿ,
ಮನೆ ದುರಸ್ತಿ ಕೆಲಸ ಬಲ್ಲ ಇಬ್ಬರು ಓದುಗರು,
ಬೆಂಗಳೂರು